ಪಕ್ಕದ ಸೀಟಿನ ಮೇಷ್ಟ್ರು

ನಮ್ಮ ಯಜಮಾನರಿಗೆ ಆಸ್ತಿ ಅಂತ ಇದ್ದದ್ದು ಒಂದೇ, ಕಾರಿನ ವಿಷಯದಲ್ಲಿ ಅವರ ಮಾತು. ಮನೆ ಬಾಡಿಗೆಯದು, ಓಡಾಡುವ ಸ್ಕೂಟರು ಹಳೆಯದು, ತಲೆಯ ಮೇಲಿನ ಕೂದಲು ಮದುವೆಯಾದ ಹೊಸದರಲ್ಲೇ ಜಾಗ ಖಾಲಿ ಮಾಡಿತ್ತು. ಆದರೆ ಅವರು ಒಂದು ಹಳೆ ಕಾರಿನ ಸುತ್ತ ಸುಮ್ಮನೆ ಒಂದು ಸುತ್ತು ಬಂದು 'ತಗೊಳ್ಳಿ' ಅಂದರೆ ಜನ ಕಣ್ಣು ಮುಚ್ಚಿಕೊಂಡು ತಗೊಳ್ಳುತ್ತಿದ್ದರು. 'ಬೇಡ' ಅಂದರೆ ಕೊಟ್ಟ ಮುಂಗಡ ಬಿಟ್ಟಾದರೂ ಎದ್ದು ಬರುತ್ತಿದ್ದರು. ಆ ಮಾತು ಹೇಗೆ ಹಾಳಾಯಿತು ಅನ್ನುವುದನ್ನು ನಾನೇ ಹೇಳಬೇಕು. ಇನ್ನೊಬ್ಬ ಹೇಳಬಲ್ಲವನು ನನ್ನ ತಂಗಿಯ ಗಂಡ, ಅವನು ಉಪ್ಪುಖಾರ ಹಚ್ಚದೆ ಗಂಟೆ ಎಷ್ಟು ಅಂತ ಕೂಡ ಹೇಳುವವನಲ್ಲ.

ಇವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಆ ಕೆಲಸದ ವಿಚಿತ್ರ ಏನೆಂದರೆ, ಇಡೀ ದಿನ ಕಾರಿನಲ್ಲೇ ಕೂತಿದ್ದರೂ ಸ್ಟೀರಿಂಗ್ ಮುಟ್ಟುವ ಯೋಗವಿಲ್ಲ. ಅದು ಕಲಿಯುವವರ ಕೈಯಲ್ಲಿ, ಇವರು ಪಕ್ಕದ ಸೀಟಿನಲ್ಲಿ. ಇವರ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇಟ್ಟಿರುತ್ತಾರೆ. ಕಲಿಯುವವರು ಗೋಡೆಗೋ ಕಂಬಕ್ಕೋ ಗುರಿಯಿಟ್ಟಾಗ ಇವರು ಒತ್ತಬೇಕು. ವರ್ಷಗಟ್ಟಲೆ ಒತ್ತಿ ಒತ್ತಿ ಅದು ಕಾಲಿಗೇ ಚಟವಾಗಿಬಿಟ್ಟಿತ್ತು. ಬಸ್ಸಿನಲ್ಲಿ ಕೂತರೂ ಒತ್ತುತ್ತಿದ್ದರು. ಮನೆಯಲ್ಲಿ ನನ್ನ ಮಾತು ಜೋರಾದಾಗ ಸೋಫಾದಲ್ಲಿ ಕೂತಲ್ಲೇ ಬಲಗಾಲು ನೆಲ ಒತ್ತುತ್ತಿತ್ತು. ಅದಕ್ಕೆಲ್ಲ ನಿಲ್ಲುವವಳು ನಾನಲ್ಲ, ಅದು ಬೇರೆ ಮಾತು.

ಇಂಥ ಮನುಷ್ಯನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂತೆ ಕೂತಿರಬೇಕು, ಹೊರಟರೆ ಇಡೀ ಬೀದಿ ತಿರುಗಿ ನೋಡಬೇಕು. ಸಂಜೆ ಕೆಲಸ ಮುಗಿಸಿ ಬಂದು ಟೀ ಲೋಟ ಹಿಡಿದು ಕೂತರೆಂದರೆ, ಫೋನಿನಲ್ಲಿ ಮಾರಾಟಕ್ಕಿರುವ ಹಳೆ ಸ್ಪೋರ್ಟ್ಸ್ ಕಾರುಗಳನ್ನು ನೋಡುವುದೇ ಅವರ ಜಪತಪ. ಕೊಳ್ಳುವ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಎತ್ತಿ ಏನು ಪ್ರಯೋಜನ, ನಮ್ಮ ಹಾಸಿಗೆ ಎಷ್ಟುದ್ದ ಅಂತ ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬರು ಕೊಳ್ಳುವಾಗ ಜೊತೆಗೆ ಹೋಗುವುದು, ಮುಟ್ಟಿ ನೋಡುವುದು, ಮನೆಗೆ ಬಂದು ಸರಿಯಾಗಿ ಊಟ ಮಾಡದೆ ಏಳುವುದು, ಇಷ್ಟೇ ಅವರ ಭಾಗ್ಯ. ಪಂಕ್ತಿಯಲ್ಲಿ ಬಡಿಸುವವನಿಗೆ ಹಸಿವಾಗಿದೆಯಾ ಅಂತ ಯಾರು ಕೇಳುತ್ತಾರೆ?

ಮೊದಲ ಸಲ ಹಳೆ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರಿಗೆ ಅವರದೊಂದು ಪಾಠವಿತ್ತು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. "ನಾವು ಬರೋ ತನಕ ಎಂಜಿನ್ ಸ್ಟಾರ್ಟ್ ಮಾಡ್ಬೇಡಿ ಅಂತ ಮೊದಲೇ ಫೋನ್ ಮಾಡಿ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಅವನು ಏನೋ ಮುಚ್ಚಿಡ್ತಿದ್ದಾನೆ ಅಂತ ಅರ್ಥ. ತಣ್ಣಗಿರೋ ಎಂಜಿನ್ನು ಸುಳ್ಳು ಹೇಳಲ್ಲ." "ಮೀಟರ್ ನೋಡಿ ಮರುಳಾಗ್ಬೇಡಿ, ಪೆಡಲ್ ಮೇಲಿನ ರಬ್ಬರ್ ನೋಡಿ. ಮೀಟರ್ ಹಿಂದಕ್ಕೆ ತಿರುಗಿಸಬಹುದು, ಸವೆದ ರಬ್ಬರ್ ಮತ್ತೆ ಬೆಳೆಯಲ್ಲ." ಬಾಗಿಲ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇರಬೇಕು, ಇಲ್ಲದಿದ್ದರೆ ಅದು ಎಲ್ಲೋ ಗುದ್ದಿಸಿಕೊಂಡು ಬಂದದ್ದು. ಮಳೆಯಲ್ಲಿ ಕಾರು ನೋಡಬಾರದು, ಒದ್ದೆಯಾದರೆ ಎಂಥ ಬಣ್ಣವೂ ಹೊಳೆಯುತ್ತದೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಇನ್ಶೂರೆನ್ಸ್ ಎಷ್ಟಾಗುತ್ತದೆ, ಇಂಥ ಕಾರಿಗೆ ಕೈಹಾಕುವ ಮೆಕ್ಯಾನಿಕ್ ಹತ್ತಿರದಲ್ಲಿ ಇದ್ದಾನಾ ಅಂತ ಕೊಳ್ಳುವ ಮೊದಲು ವಿಚಾರಿಸಬೇಕು, ಕೊಂಡ ಮೇಲಲ್ಲ. "ಕಟ್ಕೊಳ್ಳೋದು ಸುಲಭ, ಸಾಕೋದು ಕಷ್ಟ," ಅನ್ನುವಾಗ ನನ್ನ ಕಡೆ ಯಾಕೆ ನೋಡುತ್ತಿದ್ದರೋ ಅವರನ್ನೇ ಕೇಳಬೇಕು.

ಪಾಠದ ಕೊನೆಗೆ ಒಂದು ಮಾತು ತಪ್ಪದೆ ಬರುತ್ತಿತ್ತು. "ಒಬ್ಬರೇ ಹೋಗ್ಬೇಡಿ. ಆ ಕಾರಿನ ಮೇಲೆ ಮನಸ್ಸಿಲ್ಲದವರೊಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ." ಹೀಗೆ ಹೇಳಿದವರನ್ನೇ ಎಲ್ಲರೂ ಕರೆದುಕೊಂಡು ಹೋಗುತ್ತಿದ್ದರು.

ಇನ್ನು ನನ್ನ ತಂಗಿಯ ವಿಷಯ. ಹೊಟ್ಟೆಕಿಚ್ಚು ಬರೀ ನಮ್ಮ ಯಜಮಾನರದು ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಚಿಕ್ಕವಳಿದ್ದಾಗ ನನಗೆ ಅಂತ ತಂದ ಬಟ್ಟೆ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಓದಿ ಪಾಸಾದೆ, ಅವಳು ಓದದೆ ಪಾಸಾದಳು. ನನಗೆ ಸಿಕ್ಕವರು ಪಕ್ಕದ ಸೀಟಿನ ಮೇಷ್ಟ್ರು, ಅವಳಿಗೆ ಸಿಕ್ಕವನು ಕನ್ನಡಕದಂಗಡಿಯವನು. ಊರಿನ ಕಣ್ಣು ಮಂಜಾದಷ್ಟೂ ಅವರ ಮನೆ ಬೆಳಗಿತು. ಅವಳ ಅಡುಗೆಮನೆಯ ಕಿಟಕಿ ನಮ್ಮ ಮುಂದಿನ ಕೋಣೆಗಿಂತ ದೊಡ್ಡದು. ಅವಳು ಕೆಟ್ಟವಳಲ್ಲ, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ನೆಮ್ಮದಿಯಾಗಿರಬಹುದಿತ್ತು.

ಅವಳ ಗಂಡ ಕಾರು ಕಲಿತದ್ದು ನಮ್ಮ ಯಜಮಾನರ ಹತ್ತಿರವೇ. ಅವನಂಥ ಶಿಷ್ಯ ಶತ್ರುವಿಗೂ ಬೇಡ ಅನ್ನುತ್ತಿದ್ದರು ಇವರು. ಕ್ಲಚ್ ಬಿಡು ಅಂದರೆ ಸ್ಟೀರಿಂಗ್ ಬಿಡುತ್ತಿದ್ದನಂತೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಪಾಸಾದಾಗ ಪರೀಕ್ಷೆ ಮಾಡಿದವರಿಗೇ ಬೇಜಾರಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಅವನು ಕೂರುವ ಮೊದಲೇ ಫೋನು ತೆಗೆದು ಇವರ ಮೂಗಿನ ಮುಂದೆ ಹಿಡಿದ.

"ಅಣ್ಣಾ, ಈ ಕಾರ್ ನೋಡಿ. ಎರಡೇ ಸೀಟು, ಮೇಲಿನ ಬಟ್ಟೆ ಮಡಚಿಬಿಟ್ರೆ ಪೂರ್ತಿ ತೆರೆದ ಕಾರು. ತಗೊಳ್ಳೋಣ ಅಂತ."

ನಾನು ಇಣುಕಿ ನೋಡಿದೆ. ಕಡುಹಸಿರು ಬಣ್ಣ, ಮುಂದೆ ಎರಡು ದುಂಡು ದೀಪ. ನೋಡಿದ ತಕ್ಷಣ ಗುರುತು ಹತ್ತಿತು. ಹದಿನೈದು ದಿನದಿಂದ ನಮ್ಮ ಯಜಮಾನರು ಟೀ ಆರಿಹೋಗುವವರೆಗೂ ನೋಡುತ್ತಿದ್ದದ್ದು ಇದೇ ಕಾರನ್ನು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವುದು ನಮ್ಮ ಮುಂದಿನ ಕೋಣೆಯಲ್ಲೇ ಬಂದು ಕೂತಿತ್ತು.

"ನೀವು ಬಂದು ನೋಡಿ ಹೂಂ ಅಂದ್ರೆ ತಗೋತೀನಿ," ಅಂದ ಅವನು. "ಬೇಡ ಅಂದ್ರೆ ಆ ಕಡೆ ತಿರುಗಿ ಕೂಡ ನೋಡಲ್ಲ. ಬೇರೆ ಯಾರ ಮಾತೂ ನನಗೆ ಬೇಕಾಗಿಲ್ಲ."

ಇವರ ಬಲಗಾಲು ಸೋಫಾದ ಕೆಳಗೆ ನೆಲ ಒತ್ತುತ್ತಿತ್ತು. "ನೋಡೋಣ," ಅಂದರು.

ಹಳೆ ಕಾರು ಮಾರುವ ಯಾರ್ಡಿಗೆ ನಾಲ್ವರೂ ಹೋದೆವು. ಫೋಟೋದಲ್ಲಿ ಚೆನ್ನಾಗಿರುವುದು ಎದುರಿಗೆ ಸಾಧಾರಣವಾಗಿರಲಿ ಅಂತ ದಾರಿಯುದ್ದಕ್ಕೂ ನಾನು ಬೇಡಿಕೊಂಡಿದ್ದೆ. ಎದುರಿಗೆ ಇನ್ನೂ ಚೆನ್ನಾಗಿತ್ತು. ಇವರು ಬಾನೆಟ್ ಮೇಲೆ ಕೈಯಿಟ್ಟರು, ತಣ್ಣಗಿತ್ತು. ಮಂಡಿಯೂರಿ ಅಡಿಭಾಗ ನೋಡಿದರು, ತುಕ್ಕಿಲ್ಲ. ಬಾಗಿಲ ಸಂದಿನಲ್ಲಿ ಬೆರಳಾಡಿಸಿದರು, ಪೆಡಲ್ ನೋಡಿದರು, ಟೈರು ಸವರಿದರು. ಒಂದೊಂದು ಸರಿಯಿದ್ದಾಗಲೂ ಇವರ ಮುಖ ಒಂದೊಂದು ಸುತ್ತು ಇಳಿಯುತ್ತಿತ್ತು. ಬೇರೆಯವರಾದರೆ ಒಳ್ಳೆ ಕಾರು ಸಿಕ್ಕಿತು ಅಂತ ಹಿಗ್ಗುತ್ತಿದ್ದರು. ಇವರು ತಪ್ಪಿಗಾಗಿ ಹುಡುಕುತ್ತಿದ್ದರು, ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ.

ಆಮೇಲೆ ಟೆಸ್ಟ್ ಡ್ರೈವ್. ತಂಗಿಯ ಗಂಡ ಸ್ಟೀರಿಂಗ್ ಹಿಡಿದ, ಇವರು ಪಕ್ಕದ ಸೀಟಿನಲ್ಲಿ. ಅಲ್ಲೂ ಪಕ್ಕದ ಸೀಟೇ. ನಾವಿಬ್ಬರೂ ಯಾರ್ಡಿನವನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತೆವು. ಇಂಥ ಕಾರಿನಲ್ಲಿ ಹೋಗುವಾಗ ಕೂದಲು ಹಾರದ ಹಾಗೆ ಏನು ಕಟ್ಟಿಕೊಳ್ಳಬೇಕು ಅಂತ ತಂಗಿ ನನ್ನನ್ನು ಕೇಳಿದಳು. ನಾನು ಸ್ಕೂಟರಿನ ಹಿಂದೆ ಕೂತು ಬಂದವಳು, ಹೆಲ್ಮೆಟ್ ಹಾಕಿಕೋ ಅಂದೆ. ಅವಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಕಾರು ವಾಪಸ್ ಬಂತು. ಎಂಜಿನ್ನಿನ ಸದ್ದು ಕೇಳಿದರೆ ಕಾರಿನ ಗಂಧ ಗೊತ್ತಿಲ್ಲದ ನನಗೂ ಅದು ಒಳ್ಳೆಯದು ಅಂತ ತಿಳಿಯುತ್ತಿತ್ತು. ಇವರು ಇಳಿದು, ಬಾಗಿಲನ್ನು ಮಗುವಿನ ಕೋಣೆಯ ಬಾಗಿಲು ಹಾಕುವಷ್ಟು ಮೆಲ್ಲಗೆ ಹಾಕಿ, ಹೇಳಿದರು:

"ಬೇಡ. ಗೇರ್‌ಬಾಕ್ಸಲ್ಲಿ ಒಂದು ಸದ್ದಿದೆ. ಈಗ ಸಣ್ಣದು, ನಿನಗೆ ಕೇಳಿಸಲ್ಲ. ಮುಂದೆ ದೊಡ್ಡದಾಗುತ್ತೆ. ಆಗ ಇಡೀ ಗೇರ್‌ಬಾಕ್ಸ್ ಇಳಿಸ್ಬೇಕಾಗುತ್ತೆ."

"ಯಾವ ಸದ್ದು ಮೇಷ್ಟ್ರೇ?" ಯಾರ್ಡಿನವನು ಎದ್ದು ಬಂದ. "ನನಗೆ ಒಂದಿನವೂ ಕೇಳಿಸಿಲ್ವಲ್ಲ."

"ಕೇಳಿಸಿದ್ರೆ ನೀವು ಹೇಳ್ತಿದ್ರಾ?"

ತಂಗಿಯ ಗಂಡ ಒಂದು ಪ್ರಶ್ನೆ ಕೂಡ ಕೇಳದೆ ಕೀಲಿಯನ್ನು ಮೇಜಿನ ಮೇಲಿಟ್ಟ. ತಂಗಿಯ ಕಣ್ಣಲ್ಲಿ ನೀರು ಬಂತು. ನನಗೆ ಮಾತ್ರ ಆ ಕ್ಷಣವೇ ಗೊತ್ತಾಯಿತು, ಸುಳ್ಳು. ನಿಜ ಹೇಳುವಾಗ ನಮ್ಮ ಯಜಮಾನರು ಬರೀ 'ಬೇಡ' ಅನ್ನುತ್ತಾರೆ. ಕಾರಣ ಕೊಡುವುದು ಸುಳ್ಳು ಹೇಳುವಾಗ ಮಾತ್ರ, ನನ್ನ ಹತ್ತಿರ ಎಷ್ಟು ಸಲ ಕೊಟ್ಟಿಲ್ಲ. ಗೊತ್ತಾಗಿ ನನಗೆ ಖುಷಿಯಾಯಿತು. ಮನೆಗೆ ಬಂದು ಅಡುಗೆಯಲ್ಲಿ ಒಂದು ಬಗೆ ಹೆಚ್ಚಿಗೆ ಮಾಡಿದೆ.

ಇವರು ತಟ್ಟೆ ಮುಟ್ಟಲಿಲ್ಲ.

"ಒಳ್ಳೆ ಕಾರು ಕಣೇ ಅದು," ಅಂದರು. "ನನ್ನ ಜನ್ಮದಲ್ಲಿ ಅಂಥದ್ದು ನೋಡಿಲ್ಲ. ಅದೇನು ತಪ್ಪು ಮಾಡಿತ್ತು, ಅದರ ಮೇಲೆ ಅಪವಾದ ಹೊರಿಸಿದೆ."

"ಕಾರಿಗೇನು ಮಾನ ಹೋಗುತ್ತಾ? ಊಟ ಮಾಡಿ."

"ನನ್ನದು ಹೋಗುತ್ತಲ್ಲ. ಕಾರಿನ ಮೇಲೆ ನಾನು ಯಾವತ್ತೂ ಸುಳ್ಳು ಹೇಳಿರ್ಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರವಿಡೀ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಓಡಾಡಿದರು. ಕಲಿಯುವವರ ಮೇಲೆ ರೇಗಿದರು. ಕೊನೆಗೆ ಒಂದು ಸಂಜೆ, "ಬಾ, ಹೇಳಿಬಿಟ್ಟು ಬರೋಣ," ಅಂತ ಸ್ಕೂಟರ್ ಹೊರಗೆ ತೆಗೆದರು. ಹೋಗುವುದು ಬೇಡ ಅಂತ ನಾನು ಹೇಳಲಿಲ್ಲ. ಹೋಗೋಣ ಅಂತಲೂ ಹೇಳಲಿಲ್ಲ. ಸುಮ್ಮನೆ ಹಿಂದೆ ಹತ್ತಿ ಕೂತೆ.

ಕನ್ನಡಕದಂಗಡಿಯ ಗೋಡೆ ತುಂಬ ಖಾಲಿ ಫ್ರೇಮುಗಳು, ನಡುನಡುವೆ ಕನ್ನಡಿ. ಎಲ್ಲಿ ತಿರುಗಿದರೂ ನಮ್ಮ ಮುಖವೇ ಕಾಣುತ್ತದೆ. ತಂಗಿಯ ಗಂಡ ಒಂದು ಗಾಜು ಒರೆಸುತ್ತ ಕೂತಿದ್ದ.

"ಆ ಕಾರು ಚೆನ್ನಾಗಿದೆ ಕಣಯ್ಯ," ಅಂದರು ಇವರು. "ಸದ್ದೂ ಇಲ್ಲ, ಏನೂ ಇಲ್ಲ. ಹೋಗಿ ತಗೋ."

ಅವನು ಗಾಜು ಕೆಳಗಿಟ್ಟು ನಕ್ಕ. "ಅಣ್ಣಾ, ಇವಳು ಅತ್ತದ್ದು ನೋಡಿ ನಿಮ್ಮ ಮನಸ್ಸು ಕರಗಿದೆ. ಬಿಡಿ. ಕಾರಿನ ವಿಷಯಕ್ಕೆ ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ, ಇಡೀ ಊರಿಗೆ ಗೊತ್ತು. ನೀವು ಉಳಿಸಿದ್ರಿ ನನ್ನನ್ನ."

"ಉಳಿಸ್ಲಿಲ್ಲ. ಸುಳ್ಳು ಹೇಳಿದೆ."

"ನೀವು ಯಾಕೆ ಸುಳ್ಳು ಹೇಳ್ತೀರಿ?"

ಎಲ್ಲ ಕನ್ನಡಿಗಳಲ್ಲೂ ಇವರ ಮುಖ ಕೆಂಪಾಯಿತು. ಒಮ್ಮೆಲೇ ಬಾಯಿಬಿಟ್ಟರು. "ಹೊಟ್ಟೆಕಿಚ್ಚು ಕಣಯ್ಯ. ಆ ಕಾರು ನನಗೆ ಬೇಕಿತ್ತು. ಗೇರ್ ಹಾಕೋಕೆ ಬರದವನು ನೀನು, ನೀನು ಅದರಲ್ಲಿ ಕೂತಿದ್ದು ನೋಡಿ ನನ್ನ ಹೊಟ್ಟೆ ಉರಿದುಹೋಯ್ತು. ಸಾಕಾ?"

ಅವನಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅವನ ಮುಖ ಅರಳಿದ್ದು ನೋಡಬೇಕಿತ್ತು, ಮೊದಲ ಸಲ ಕನ್ನಡಕ ಹಾಕಿಕೊಂಡು ದೂರದ ಬೋರ್ಡು ಓದಿದವರ ಹಾಗೆ.

"ನಿಮಗಾ? ನನ್ನ ಮೇಲಾ?" ಅಂದ. "ಇನ್ನೊಂದು ಸಲ ಹೇಳಿ ಅಣ್ಣ."

ಅವನು ಒಳಗಿದ್ದ ನನ್ನ ತಂಗಿಯನ್ನು ಕೂಗಿದ. "ಬಾರೇ ಇಲ್ಲಿ. ಅಣ್ಣಂಗೆ ನನ್ನ ಮೇಲೆ ಹೊಟ್ಟೆಕಿಚ್ಚಂತೆ." ನಮ್ಮ ಮನೆಗೆ ಬಂದಾಗಲೆಲ್ಲ ಜನ ಇವರನ್ನು ಹುಡುಕಿಕೊಂಡು ಬಂದು ಕೈಮುಗಿದು ಸಲಹೆ ಕೇಳುವುದನ್ನು ಅವನು ನೋಡಿದ್ದ. ಅವನ ಅಂಗಡಿಯಲ್ಲಾದರೆ ಗಿರಾಕಿಗಳು ಫ್ರೇಮು ಚೆನ್ನಾಗಿದೆಯಾ ಅಂತ ಅವನನ್ನು ಬಿಟ್ಟು ಕನ್ನಡಿಯನ್ನು ಕೇಳುತ್ತಿದ್ದರು. ಎಷ್ಟು ವರ್ಷದಿಂದ ಉರಿಯುತ್ತಿದ್ದನೋ ಪಾಪ. ಕಾರು ಬೇಕಾಗಿದ್ದದ್ದೇ ಇದಕ್ಕೆ, ಅದು ಕಾರಿಲ್ಲದೆಯೇ ಸಿಕ್ಕಿತು. ಹಸಿರು ಕಾರು ಅಷ್ಟರಲ್ಲಿ ಇನ್ಯಾರಿಗೋ ಮಾರಾಟವಾಗಿತ್ತು. ಅವನಿಗೆ ಬೇಜಾರು ಕೂಡ ಆಗಲಿಲ್ಲ. ಬೇಜಾರಾದದ್ದು ಇವರಿಗೆ.

ಆಮೇಲೆ ಅವನು ಆ ಕಥೆಯನ್ನು ಕಣ್ಣು ಪರೀಕ್ಷೆಗೆ ಬಂದವರಿಗೆಲ್ಲ ಹೇಳಿದ. ಅಕ್ಷರ ಕಾಣದವರಿಗೂ ಕಿವಿ ಕೇಳುತ್ತದಲ್ಲ. ಯಾರೂ ಇವರನ್ನು ಕೆಟ್ಟವರು ಅನ್ನಲಿಲ್ಲ. ಪ್ರೀತಿಯಿಂದಲೇ ನಕ್ಕರು. ಕಾರು ನೋಡಲು ಕರೆಯುವುದನ್ನೂ ಬಿಡಲಿಲ್ಲ, ಆದರೆ ಇವರು 'ಬೇಡ' ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. "ಮೇಷ್ಟ್ರಿಗೆ ಉರಿ ಶುರುವಾಯ್ತು, ಅಂದ್ರೆ ಕಾರು ಚೆನ್ನಾಗಿದೆ ಅಂತ ಅರ್ಥ." ಇವರ ಮಾತು ಕೇಳುವವರು ಕಡಿಮೆಯಾಗಿ, ಮುಖ ನೋಡುವವರು ಹೆಚ್ಚಾದರು. ಇವರು ಮನೆಗೆ ಬಂದು ಗೋಡೆ ನೋಡುತ್ತ ಕೂರುತ್ತಿದ್ದರು. ನನಗೂ ಸಂಕಟವಾಗುತ್ತಿತ್ತು. ತಂಗಿಯ ಮನೆಯಲ್ಲಿ ಏನೇನೋ ಇದ್ದರೂ, ಇದೊಂದು ನಮ್ಮ ಮನೆಯಲ್ಲಿ ಮಾತ್ರ ಇತ್ತು, ಊರು ನಂಬುವ ಮಾತು. ಈಗ ಅದೂ ಇಲ್ಲ.

ಸ್ವಲ್ಪ ಕಾಲ ಕಳೆದ ಮೇಲೆ ತಂಗಿಯ ಗಂಡ ಇನ್ನೊಂದು ಸ್ಪೋರ್ಟ್ಸ್ ಕಾರು ಹುಡುಕಿದ. ಇದು ಹಳದಿ, ಇದಕ್ಕೂ ಮೇಲೆ ಮಡಚುವ ಬಟ್ಟೆ. ಈ ಸಲವೂ ನಾಲ್ವರೂ ಯಾರ್ಡಿಗೆ ಹೋದೆವು. ಇವರು ಬಾನೆಟ್ ಮುಟ್ಟಿದರು, ಬೆಚ್ಚಗಿತ್ತು. ಸೀಟಿನ ಕೆಳಗಿನ ಹಾಸು ಎತ್ತಿ ಮೂಸಿದರು. ಡಿಕ್ಕಿಯ ಮೂಲೆಯಲ್ಲಿ ಬೆರಳು ತೂರಿಸಿ ತೆಗೆದರು, ಬೆರಳಿಗೆ ಒಣಗಿದ ಕೆಸರು. ಎಲ್ಲೋ ನೆರೆನೀರಿನಲ್ಲಿ ಮುಳುಗಿ ಎದ್ದು ಬಣ್ಣ ಬಳಿಸಿಕೊಂಡು ಬಂದ ಕಾರು.

"ಬೇಡ," ಅಂದರು. ಅಷ್ಟೇ.

ತಂಗಿಯ ಗಂಡ ಇವರ ಮುಖವನ್ನೇ ನೋಡುತ್ತಿದ್ದ. ಅವನ ತುಟಿ ಅಗಲವಾಯಿತು. "ಮತ್ತೆ ಉರೀತಾ ಅಣ್ಣ?"

"ಇಲ್ಲ ಕಣಯ್ಯ. ನೀರಿಗೆ ಬಿದ್ದ ಕಾರಿದು. ಕೆಸರು ನೋಡು."

"ಹೋದ ಸಲ ಸದ್ದು, ಈ ಸಲ ಕೆಸರು," ಅಂತ ನಕ್ಕು ಅವನು ಯಾರ್ಡಿನವನ ಕೈ ಕುಲುಕಿದ. ನಾನು ತಂಗಿಯ ತೋಳು ಹಿಡಿದು ಹೇಳಿದೆ, "ನನ್ನಾಣೆ, ಈ ಸಲ ನಿಜ." ಅವಳು ನನ್ನ ಮುಖ ನೋಡಿ, ನನಗೂ ಹೊಟ್ಟೆಕಿಚ್ಚು ಅಂದುಕೊಂಡು, ಮರುಕದಿಂದ ನನ್ನ ಬೆನ್ನು ಸವರಿದಳು. ಆ ಸವರಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಹಳದಿ ಕಾರು ಒಂದು ತಿಂಗಳು ಓಡಿತು. ಆಮೇಲೆ ಒಂದು ದಿನ ದೀಪ ತಾನಾಗಿಯೇ ಹತ್ತಿತು, ಇನ್ನೊಂದು ದಿನ ಹಾರನ್ ನಿಲ್ಲಲಿಲ್ಲ. ಒಂದು ಸಂಜೆ ನಮ್ಮ ಬೀದಿಗೆ ಬರುವ ಮುಖ್ಯರಸ್ತೆಯಲ್ಲಿ, ಜನ ಕೆಲಸ ಬಿಟ್ಟು ಬರುವ ಹೊತ್ತಿನಲ್ಲಿ, ಪೂರ್ತಿ ನಿಂತುಬಿಟ್ಟಿತು. ತಂಗಿ ಫೋನ್ ಮಾಡಿದಳು. ನಾವು ನಡೆದೇ ಹೋದೆವು. 'ನಾನು ಹೇಳಿರಲಿಲ್ಲವಾ' ಅಂತ ಇವರು ಹೇಳುತ್ತಾರೆ, ಹೇಳಲಿ, ಹೋದ ಮಾನ ಅಷ್ಟಾದರೂ ವಾಪಸ್ ಬರಲಿ ಅಂತ ಕಾಯುತ್ತಿದ್ದೆ. ಕೇಳುವವರೂ ಅಲ್ಲಿ ಬೇಕಾದಷ್ಟಿದ್ದರು. ಹಣ್ಣಿನಂಗಡಿಯವನು, ಬಸ್ಸಿಗೆ ಕಾಯುವವರು, ಇವರ ಹತ್ತಿರ ಕಾರು ಕಲಿತವರೂ ಕೆಲವರು.

ತಂಗಿಯ ಗಂಡ ತಲೆ ತಗ್ಗಿಸಿ ನಿಂತಿದ್ದ. "ಅಣ್ಣಾ, ನೀವು ಹೇಳಿದ್ದೇ ನಿಜ. ಈಗ ನಿಮ್ಮ ಮನೆ ತನಕ ತಳ್ಳೋಣ. ನನಗೆ ಎಂಜಿನ್ ಇಲ್ಲದೆ ತಿರುಗಿಸೋಕೆ ಭಯ. ನೀವು ಸ್ಟೀರಿಂಗ್ ಹಿಡ್ಕೊಳ್ಳಿ, ನಾವು ತಳ್ತೀವಿ."

ಇವರು ಏನೂ ಹೇಳದೆ ಬಾಗಿಲು ತೆಗೆದು ಒಳಗೆ ಕೂತರು. ಮೇಲಿನ ಬಟ್ಟೆ ಮಡಚಿತ್ತು. ಸೀಟನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು, ಕನ್ನಡಿ ಸರಿಮಾಡಿಕೊಂಡರು, ಎರಡೂ ಕೈಯನ್ನು ಸ್ಟೀರಿಂಗ್ ಮೇಲಿಟ್ಟರು. ನಾನು, ತಂಗಿ, ಅವಳ ಗಂಡ ಹಿಂದಿನಿಂದ ತಳ್ಳಿದೆವು. ಕಾರು ಸದ್ದಿಲ್ಲದೆ ಚಲಿಸಿತು. ಮುಖ್ಯರಸ್ತೆಯ ಜನವೆಲ್ಲ ತಿರುಗಿ ನೋಡಿದರು.

ಹಣ್ಣಿನಂಗಡಿಯವನು ಕೂಗಿ ಕೇಳಿದ, "ಏನ್ ಮೇಷ್ಟ್ರೇ, ಕಾರು ಹೇಗಿದೆ?"

ನಾನು ತಳ್ಳುತ್ತಲೇ ಕಿವಿಗೊಟ್ಟೆ. ಊರಿನ ಎದುರಿಗೆ ನಿಜ ಹೇಳಿ ತಮ್ಮ ಮಾತನ್ನು ವಾಪಸ್ ಪಡೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ.

"ಒಳ್ಳೆ ಕಾರು," ಅಂದರು ನಮ್ಮ ಯಜಮಾನರು, ಮುಂದೆ ನೋಡುತ್ತಲೇ.

ನನ್ನ ಪಕ್ಕದಲ್ಲಿ ಬೆವರು ಸುರಿಸುತ್ತ ತಳ್ಳುತ್ತಿದ್ದ ತಂಗಿಯ ಗಂಡ ತಲೆಯೆತ್ತಿ ಅವರ ಬೆನ್ನನ್ನು ನೋಡಿದ. ಸ್ವಲ್ಪ ದೂರ ಹಾಗೇ ನೋಡುತ್ತ ತಳ್ಳಿದ. ಆಮೇಲೆ ಅವನಿಗೆ ಉರಿ ತಡೆಯಲಾಗಲಿಲ್ಲ.

"ಅಣ್ಣಾ, ಸಾಕು ಇಳೀರಿ," ಅಂದ. "ಇನ್ನು ನಾನು ಕೂತ್ಕೋತೀನಿ."

ಇವರು ಇಳಿಯಲಿಲ್ಲ.